ನಿಮ್ಮ ತಾತನ ಸಾರಿನ ಶಾಸ್ತ್ರ

ಮೇಧಾ, ರಘು, ಒಬ್ಬ ಮನುಷ್ಯ ಎಂಥವನು ಎಂದು ತಿಳಿಯಲು ನಿಮ್ಮ ತಾತನಿಗೆ ಅವನ ಜೊತೆ ಮಾತೇ ಬೇಕಿರಲಿಲ್ಲ. ಅವನು ಬಾಳೆ ಎಲೆಯ ಮುಂದೆ ಕೂತು ಅನ್ನಕ್ಕೆ ಸಾರು ಹಾಕಿಸಿಕೊಂಡರೆ ಸಾಕಿತ್ತು! ನಗಬೇಡಿ. ಮೊನ್ನೆ ಮೇಧಾ ಆಫೀಸಿನ ತರಬೇತಿ ಮುಗಿಸಿ ಬಂದು, ಕೈಕೆಳಗಿನವರ ಸ್ವಭಾವ ನೋಡಿ ನಾಲ್ಕು ಬಣ್ಣಗಳಾಗಿ ವಿಂಗಡಿಸಿದರೆ ಒಳ್ಳೆಯ ಮ್ಯಾನೇಜರ್ ಆಗಬಹುದು ಎಂದಳಲ್ಲ, ಆ ವಿದ್ಯೆ ನಮ್ಮ ಜಯನಗರದ ಮನೆಯಲ್ಲಿ ಅರವತ್ತರ ದಶಕದಲ್ಲೇ ಇತ್ತು. ಬಣ್ಣ ಮಾತ್ರ ಇರಲಿಲ್ಲ. ಅಂದೇ ಹೇಳಬೇಕೆನಿಸಿತು, ಬಾಯಿ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಪರೀಕ್ಷೆಯಲ್ಲಿ ಮೊದಲು ಫೇಲಾದವಳು ನಾನೇ. ನಮ್ಮ ಮದುವೆ ಊಟದಲ್ಲಿ ತಲೆ ಎತ್ತದೆ ಕೂತಿದ್ದೆ. ಅನ್ನದ ಕಟ್ಟೆ ಒಡೆದು ನನ್ನ ಸಾರೆಲ್ಲ ಧಾರೆ ಸೀರೆಗೆ ಇಳಿಯಿತು. ನೆಂಟರು ನಗತೊಡಗಿದರು. ಅಷ್ಟರಲ್ಲಿ ಪಕ್ಕದ ಎಲೆಯಲ್ಲಿ ನಿಮ್ಮ ತಾತನ ಸಾರೂ ಹರಿದು ಹೊಸ ಪಂಚೆ ಕೆಟ್ಟಿತು. “ಸರಿಯಾದ ಜೋಡಿ ಕಣ್ರೋ” ಎಂದರು ಅವರ ಸೋದರಮಾವ.

ನಿಮ್ಮ ತಾತ ಹನುಮಂತನಗರದ ಕಡೆ ತಕ್ಕಡಿ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿದ್ದರು. ಕೆಲಸದಲ್ಲಿ ಗಟ್ಟಿಗರು ಎಂದು ಫೋರ್ಮನ್ ಮಾಡಿದರು. ಮಾಡಿದ ಎರಡೇ ತಿಂಗಳಿಗೆ ಇಬ್ಬರು ಕೆಲಸ ಬಿಟ್ಟು ಹೋದರು. ಇವರ ಗಂಟಲು ಹಾಗಿತ್ತು! ಮಾಲೀಕರು ಕರೆದು, “ನೋಡಿ, ಇನ್ನೊಬ್ಬ ಬಿಟ್ಟು ಹೋದ್ರೆ ನೀವು ವಾಪಸ್ ಅರ ಹಿಡಿದು ಕಬ್ಬಿಣ ಉಜ್ಜಬೇಕಾಗುತ್ತೆ” ಎಂದುಬಿಟ್ಟರು. ಅಂದು ಮನೆಗೆ ಬಂದವರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಕೂತರು.

“ತಕ್ಕಡಿ ಮುಳ್ಳು ಯಾವ ಕಡೆ ವಾಲುತ್ತೆ ಅಂತ ನಂಗೆ ಗೊತ್ತಾಗುತ್ತೆ. ಮನುಷ್ಯ ಯಾಕೆ ಗೊತ್ತಾಗಲ್ಲ?” ಎಂದರು.

ಉತ್ತರವನ್ನೂ ಅವರೇ ಕಂಡುಹಿಡಿದರು. ಪ್ರತಿ ಭಾನುವಾರ ಒಬ್ಬೊಬ್ಬ ಕೆಲಸಗಾರನಿಗೆ ನಮ್ಮ ಮನೆಯಲ್ಲಿ ಎಲೆ ಊಟ. ಅವನಿಗೆ ಅದು ಊಟ, ಇವರಿಗೆ ಪರೀಕ್ಷೆ. ಅನ್ನದಲ್ಲಿ ಗುಂಡಿ ತೋಡಿ ಕಟ್ಟೆ ಕಟ್ಟಿದ ಮೇಲೆ ಸಾರು ಹಾಕಿಸಿಕೊಳ್ಳುವವನು ಜಾಗ್ರತೆಯವನು. ಸಾರು ಹರಿಯಬಿಟ್ಟು ಬೆನ್ನಟ್ಟುವವನು ಧಾರಾಳಿ, ಬೈದರೆ ಕೆಡುತ್ತಾನೆ. ಒಬ್ಬಟ್ಟನ್ನು ಮುಟ್ಟದೆ ಕೊನೆಗೆ ಉಳಿಸುವವನು ಒಳಗೊಳಗೇ ಇಟ್ಟುಕೊಳ್ಳುವವನು, ಅವನನ್ನು ಬಿಗಿಯಾಗಿ ಹಿಡಿಯಬೇಕು. ಇಷ್ಟನ್ನೂ ಒಂದು ನೋಟುಬುಕ್ಕಿಗೆ ಇಳಿಸುತ್ತಿದ್ದರು. ಬಂದವರ ಮುಂದೆ ನಿಲ್ಲಲು ನನಗೆ ನಾಚಿಕೆ. ಬಡಿಸಿದ ಕೂಡಲೇ ಅಡಿಗೆಮನೆ ಬಾಗಿಲ ಹಿಂದೆ ಸೇರುತ್ತಿದ್ದೆ.

ಶಾಸ್ತ್ರ ಫಲಿಸಲೇ ಇಲ್ಲ ಎನ್ನಬೇಡಿ! ಹೊಸಕೆರೆಹಳ್ಳಿಯಿಂದ ಬಂದವನೊಬ್ಬ ಎಂಥ ಕಟ್ಟೆ ಕಟ್ಟಿದ ಎಂದರೆ ಹುಳಿ, ಸಾರು, ಮಜ್ಜಿಗೆ ಮೂರಕ್ಕೂ ಬೇರೆ ಬೇರೆ ಕೆರೆ. ಮರುದಿನವೇ ಅವನಿಗೆ ಸ್ಟೋರಿನ ಬೀಗದ ಕೈ ಸಿಕ್ಕಿತು. ಆಮೇಲೆ ಒಂದು ಮೊಳೆ ಬೇಕಾದರೂ ಫೋರ್ಮನ್ನರೇ ಅವನ ಮುಂದೆ ನಿಂತು ಕಾರಣ ಹೇಳಬೇಕಾಯಿತು.

ನಂತರದ ಭಾನುವಾರ ಕೋಣನಕುಂಟೆಯ ಚಿಕ್ಕಣ್ಣ ಬಂದರು. ಮುಳ್ಳು ಕೂರಿಸುವುದರಲ್ಲಿ ಅವರಂಥ ಕೈ ಇನ್ನೊಂದಿಲ್ಲ, ಆದರೆ ದಿನಾ ಅರ್ಧ ಗಂಟೆ ತಡ. ಅವರು ಎರಡು ಒಬ್ಬಟ್ಟನ್ನೂ ಮುಟ್ಟದೆ ಎಲೆಯ ತುದಿಗೆ ಸರಿಸಿದರು. ನಿಮ್ಮ ತಾತ ಬಾಗಿಲ ಸಂದಿಯಿಂದ ಇಣುಕುತ್ತಿದ್ದ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಮರುದಿನದಿಂದ ಬಿಗಿ ಶುರು. ಗೇಟಿನ ಹತ್ತಿರವೇ ನಿಂತು ಬೈಗುಳ. ಶುಕ್ರವಾರ ಮನೆಗೆ ಬಂದವರ ಮುಖ ಇಳಿದುಹೋಗಿತ್ತು.

“ಚಿಕ್ಕಣ್ಣ ಸೋಮವಾರದಿಂದ ಬರಲ್ವಂತೆ. ನಾನು ಮತ್ತೆ ಅರ ಹಿಡಿಯೋದೇ. ಅಲ್ಲ, ನನ್ನ ಲೆಕ್ಕ ಎಲ್ಲಿ ತಪ್ತು?”

ಅದಕ್ಕೆ ಉತ್ತರವನ್ನು ನಾನು ಭಾನುವಾರದಿಂದ ನುಂಗಿಕೊಂಡಿದ್ದೆ. ಹೇಳಿದರೆ ಆ ಮನುಷ್ಯನಿಗೆ ಅವಮಾನವಾದೀತೆಂದು ಹೆದರಿದ್ದೆ.

“ಅವರು ಒಬ್ಬಟ್ಟು ಉಳಿಸ್ಕೊಂಡಿದ್ದು ತಿನ್ನೋಕಲ್ಲ. ನೀವು ಕೈ ತೊಳೆಯೋಕೆ ಹಿತ್ತಲಿಗೆ ಹೋದಾಗ ಟವೆಲ್ಲಿಗೆ ಕಟ್ಕೊಂಡ್ರು.”

“ಯಾರಿಗೆ?”

“ಅವರ ಮನೇಲಿ ಯಾರಿದಾರೆ ಅಂತ ನೀವು ಕೇಳಿದ್ರಾ?”

ಕೇಳಿರಲಿಲ್ಲ. ನೋಟುಬುಕ್ಕಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಶನಿವಾರ ಕೆಲಸ ಮುಗಿಸಿ ಕೋಣನಕುಂಟೆಗೆ ನಡೆದೇ ಹೋದರು. ಚಿಕ್ಕಣ್ಣನ ತಾಯಿ ಹಾಸಿಗೆ ಹಿಡಿದಿದ್ದರು. ಬೆಳಿಗ್ಗೆ ಅವರಿಗೆ ಮೈ ಒರೆಸಿ, ಗಂಜಿ ಕುಡಿಸಿ, ಆಮೇಲೆ ಅಷ್ಟು ದೂರ ನಡೆದು ಬರಬೇಕಿತ್ತು.

“ಮೊದಲೇ ಹೇಳೋದಲ್ವೇನಯ್ಯಾ?” ಎಂದರಂತೆ ಇವರು.

“ನೀವು ಬೈಯೋದು ನಿಲ್ಲಿಸಿದ್ರೆ ತಾನೇ ಸಾರ್, ಹೇಳೋದು?” ಎಂದರಂತೆ ಚಿಕ್ಕಣ್ಣ.

ಅರ್ಧ ಗಂಟೆ ತಡವಾಗಿ ಬಂದು ಅರ್ಧ ಗಂಟೆ ತಡವಾಗಿ ಹೋಗುವುದು ಎಂದಾಯಿತು. ಸೋಮವಾರ ಚಿಕ್ಕಣ್ಣ ಬಂದರು. ನಿಮ್ಮ ತಾತ ಫೋರ್ಮನ್ ಆಗಿಯೇ ಉಳಿದರು. ಎಲೆ ಊಟ ನಿಲ್ಲಲಿಲ್ಲ. ಆದರೆ ಅನ್ನಕ್ಕೆ ಮೊದಲು “ಮನೇಲಿ ಯಾರ್ಯಾರಿದೀರಪ್ಪ?” ಎಂಬ ಪ್ರಶ್ನೆ ಬಡಿಸತೊಡಗಿದರು. ನನ್ನನ್ನು ಬಾಗಿಲ ಹಿಂದಿನಿಂದ ಕರೆದು ನಡುಮನೆಯಲ್ಲಿ ಮಣೆ ಹಾಕಿ ಕೂರಿಸಿದರು. “ನೋಡೋಳು ನೀನು, ಬರ್ಕೊಳ್ಳೋನು ನಾನು” ಎಂದರು.

ಆ ಧೈರ್ಯದಲ್ಲೇ ಒಂದು ಮಧ್ಯಾಹ್ನ ಕೇಳಿದೆ. ಅವರ ಎಲೆಯಲ್ಲಿ ಯಾವತ್ತೂ ಒಂದು ತೊಟ್ಟು ಸಾರು ಹೊರಗೆ ಹೋದದ್ದನ್ನು ನಾನು ಕಂಡಿರಲಿಲ್ಲ, ಅಂಥ ಕಟ್ಟೆ.

“ಮತ್ತೆ ಮದುವೇಲಿ ಯಾಕೆ ಹರೀತು?”

ಅವರು ತಲೆ ಎತ್ತಲಿಲ್ಲ. “ಹರೀಲಿಲ್ಲ. ನಾನೇ ಬೆರಳಲ್ಲಿ ಒಡ್ದೆ. ಎಲ್ಲರೂ ನಗ್ತಿದ್ರು, ನೀನು ಒಬ್ಬಳೇ ಆಗಿದ್ದೆಯಲ್ಲ.”

ಮಕ್ಕಳೇ, ಇದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಈ ಹಾಳೆಗಳನ್ನು ಜೋಪಾನವಾಗಿಟ್ಟುಕೊಳ್ಳಿ. ಅಡಿಗೆಮನೆಯಲ್ಲಿ ಓದುವಾಗ ಮೇಲೆ ಸಾರು ಚೆಲ್ಲಿದರೂ ಪರವಾಗಿಲ್ಲ, ಒರೆಸಿ ಇಟ್ಟುಕೊಳ್ಳಿ.