ಸೋದರಮಾವನನ್ನು ನುಂಗಿದ ಇನ್ಸರ್ಟ್ ಕೀಗೆ

ಶಿರಾ ಪೇಟೆಯ ಅಂಬ್ರೀನ್ ಅವರ ಡಿಟಿಪಿ ಅಂಗಡಿಯ ಕೀಬೋರ್ಡಿನಲ್ಲಿ, ಬಲಗಡೆಯ ಮೇಲ್ಸಾಲಿನಲ್ಲಿ ಏನೂ ಅರಿಯದವರಂತೆ ವಿರಾಜಮಾನರಾಗಿರುವ ಇನ್ಸರ್ಟ್ ಕೀ ಅವರ ಸನ್ನಿಧಾನಕ್ಕೆ, ಬುಕ್ಕಾಪಟ್ಟಣದ ವೀರಭದ್ರಯ್ಯನ ಅಡ್ಡಬಿದ್ದ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನನ್ನ ಹೆಸರನ್ನು ಒಂದು ಒತ್ತಕ್ಷರವೂ ಉಳಿಯದಂತೆ ಉಂಡವರು ಕ್ಷೇಮವಾಗಿರದೆ ಇನ್ನೇನು?

ನನ್ನ ಅಕ್ಕನ ಮಗಳು ಮಂಗಳಗೌರಿಯ ಲಗ್ನಪತ್ರಿಕೆಯಲ್ಲಿ ‘ವೀರಭದ್ರಯ್ಯ, ಬುಕ್ಕಾಪಟ್ಟಣ, ವಧುವಿನ ಸೋದರಮಾವ’ ಎಂದು ನಾನು ಗೌರವದಿಂದ ಕೂತಿದ್ದೆ. ಅಚ್ಚಿಗೆ ಹೋಗುವ ಹೊತ್ತಿಗೆ ನಮ್ಮ ಭಾವನಿಗೆ, ಹಾಲಿನ ಡೇರಿಯ ಕಾರ್ಯದರ್ಶಿ ನಂದೀಶ್ವರಯ್ಯನವರ ಹೆಸರೂ ಇರಲಿ ಎನಿಸಿತು. ಅಂಬ್ರೀನ್ ಅವರು ನನ್ನ ಹೆಸರಿಗೆ ಮೊದಲು ಕರ್ಸರ್ ನಿಲ್ಲಿಸಿ ಟೈಪ್ ಮಾಡಿದರು. ಬೆರಳು ತಮಗೆ ತಾಗಿದ್ದನ್ನು ಅವರು ಕಾಣಲಿಲ್ಲ, ತಾವೂ ಹೇಳಲು ಬಾಯಿ ಬಿಡಲಿಲ್ಲ. ಬಿಟ್ಟದ್ದು ನುಂಗಲು ಮಾತ್ರ. ‘ನಂ’ ಬಂದಾಗ ‘ವೀ’ ಹೋಯಿತು, ‘ದೀ’ ಬಂದಾಗ ‘ರ’ ಹೋಯಿತು. ಅವರದೂ ಐದಕ್ಷರ, ನನ್ನದೂ ಐದಕ್ಷರ. ಊರೂ ನೆಂಟಸ್ತಿಕೆಯೂ ನನ್ನವೇ ಉಳಿದು, ಅವುಗಳ ಮೇಲೆ ನಂದೀಶ್ವರಯ್ಯ ಕೂತರು.

ಈ ಮಹಾಶಯರು ನನ್ನ ಎಮ್ಮೆಯ ಹಾಲಿಗೆ ನೀರಿನ ಅಪವಾದ ಹೊರಿಸಿದಾಗಿನಿಂದ ನಾವು ಮಾತು ಬಿಟ್ಟವರು. ಪತ್ರಿಕೆ ಕೈಸೇರಿದ್ದೇ ತಡ, “ನಾನೇ ಉಡ್ಗೀನ ಹಸೆಗೆ ಕರ್ಕಂಡೋಗ್ಬೇಕು ಕಣಪ್ಪ, ಅಚ್ಚಾಗ್ಬುಟ್ಟೈತೆ!” ಎಂದು ಡೇರಿಯ ಮುಂದೆ ಸಾರತೊಡಗಿದರು. ನನ್ನ ಹೆಗಲ ಮೇಲೆ ಬೆಳೆದ ಹುಡುಗಿ ಅವಳು. ಅವಳ ಕೈಹಿಡಿದು ಹಸೆಮಣೆಗೆ ಕರೆತರುವುದಷ್ಟೇ ಸೋದರಮಾವನ ಪಾಲಿನ ಭಾಗ್ಯ. ಅದೂ ಹೋಯಿತಲ್ಲ ಎಂದು ನನಗೆ ಅಳುವೇ ಬಂತು.

ಜಗಳಕ್ಕೆಂದೇ ಅಂಗಡಿಗೆ ಹೋದೆ. ತಮ್ಮನ್ನು ಇನ್ನೊಮ್ಮೆ ಒತ್ತಿ ಅಂಬ್ರೀನ್ ಅವರು ನನ್ನ ಹೆಸರು ಟೈಪ್ ಮಾಡಿದಾಗ, ಪಾವಗಡದ ಬಸ್ಸಿನಲ್ಲಿ ಮೂವರ ಸೀಟಿನವರು ನಾಲ್ಕನೆಯವನಿಗೆ ಜಾಗ ಬಿಡುವಂತೆ ನಂದೀಶ್ವರಯ್ಯ ತೆಪ್ಪಗೆ ಸರಿದರು. “ನೋಡಿ ಯಜಮಾನ್ರೇ, ಇದ್ನ ಒಂದ್ಸಲ ಒತ್ತಿದ್ರೆ ಅಕ್ಷರ ತೊಡೆ ಮೇಲೇ ಕೂತ್ಕಂತದೆ, ಇನ್ನೊಂದ್ಸಲ ಒತ್ತಿದ್ರೆ ಜಾಗ ಬುಡುಸ್ತದೆ” ಎಂದರು ಅಂಬ್ರೀನ್. ಇಷ್ಟೊಂದು ಸೌಜನ್ಯವನ್ನು ಒಡಲಲ್ಲಿಟ್ಟುಕೊಂಡೂ ಅದನ್ನು ತೋರಿಸಿಕೊಳ್ಳದ ತಮ್ಮ ವಿನಯ ದೊಡ್ಡದು. ಆದರೇನು, ಪತ್ರಿಕೆಗಳೆಲ್ಲ ಆಗಲೇ ಹಂಚಿಹೋಗಿದ್ದವು.

ತಮ್ಮ ಜೀರ್ಣಶಕ್ತಿಗೆ ಅಂಗಡಿಯೊಳಗಿನ ಅಕ್ಷರಗಳು ಏನೇನೂ ಸಾಲವು. ಆದಕಾರಣ ದಯಮಾಡಿ ಒಮ್ಮೆ ನಮ್ಮೂರಿಗೆ ಬಂದು, ರಸ್ತೆಯ ಗುಂಡಿಗಳನ್ನೂ ಹೊಲದ ಸೀಮೆಜಾಲಿಯನ್ನೂ, ಕೊನೆಗೆ ಬಾಯಿ ಸಿಹಿಗೆಂದು ಹಾಲಿನೊಳಗಿನ ನೀರು ಹಿಡಿಯುವ ಡೇರಿಯ ಲ್ಯಾಕ್ಟೋಮೀಟರನ್ನೂ ನುಂಗಿಕೊಡಬೇಕೆಂದು ಪ್ರಾರ್ಥನೆ. ಮುಳ್ಳು ಗಂಟಲಿಗೆ ಚುಚ್ಚಿದರೆ, ನೀರು ಬೆರೆಸದ ಹಾಲನ್ನು ಒಂದು ಲೋಟ ಬೇರೆಯಾಗಿ ಕರೆದಿಟ್ಟಿರುತ್ತೇನೆ.

ಮದುವೆಯ ದಿನ ನಂದೀಶ್ವರಯ್ಯ ಹೊಸ ಪಂಚೆಯುಟ್ಟು, ಮದುಮಗಳ ಕೋಣೆಯ ಬಾಗಿಲಲ್ಲೇ ಕೈಚಾಚಿ ನಿಂತಿದ್ದರು. ನಾನು ಪತ್ರಿಕೆಯಲ್ಲಿ ಇಲ್ಲದವನು, ಚಪ್ಪರದ ಕಂಬಕ್ಕೆ ಒರಗಿದ್ದೆ. ಹೊರಬಂದ ಮಂಗಳಗೌರಿ ಅತ್ತಿತ್ತ ನೋಡಿ, “ವಸಿ ಸರ್ಕಳ್ಳಿ, ನಮ್ಮಾವ ಬರ್ಲಿ” ಎಂದಳು.

ಅವರು ಸರಿದರು. ತಮ್ಮನ್ನು ಯಾರೂ ಒತ್ತಬೇಕಾಗಲಿಲ್ಲ.

ಇಂತಿ, ಪೂರ್ತಿ ಜೀರ್ಣವಾಗದೆ ಉಳಿದಿರುವ,
ತಮ್ಮ ವಿಶ್ವಾಸಿ,
ವೀರಭದ್ರಯ್ಯ, ಬುಕ್ಕಾಪಟ್ಟಣ, ವಧುವಿನ ಸೋದರಮಾವ

ತಾ.ಕ.: ಈ ಪತ್ರವನ್ನೂ ಅಂಬ್ರೀನ್ ಅವರ ಅಂಗಡಿಯಲ್ಲೇ ಟೈಪ್ ಮಾಡಿಸುತ್ತಿದ್ದೇನೆ. ತಾವು ಮತ್ತೆ ಹಸಿದು, ಸಹಿಯ ಜಾಗದಲ್ಲಿ ‘ನಂದೀಶ್ವರಯ್ಯ’ ಎಂದು ಅಚ್ಚಾದರೆ ತಿದ್ದುವ ತೊಂದರೆ ತೆಗೆದುಕೊಳ್ಳಬಾರದು. ಮೇಲೆ ಹೇಳಿದ ಎಮ್ಮೆಯೂ, ಅದರ ಹಾಲೂ, ಹಾಲಿನಲ್ಲಿದ್ದ ನೀರೂ ಅವರದೇ ಆಗಲಿ.