ಮಿಷನ್ನಿಗೆ ಕಸ ಕಲಿಸಿದ್ದು

ಅಳುವಂಥದ್ದು ನಮ್ಮ ಕಡೆ ಒಂಟಿಯಾಗಿ ಬರುವುದಿಲ್ಲ, ನಗುವಂಥದ್ದೊಂದನ್ನು ಸೆರಗಿಗೆ ಗಂಟು ಹಾಕಿಕೊಂಡೇ ಬರುತ್ತದೆ. ನಮ್ಮ ಕೂಲಿ ಹೋದಾಗಲೂ ಹಾಗೇ ಆಯಿತು. ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ನಾನೂ ನಗುತ್ತೇನೆ, ಆಮೇಲೆ ಈಗ ಕೂಲಿಗೆ ಎಲ್ಲಿಗೆ ಹೋಗ್ತಿ ಅಂತ ಕೇಳುತ್ತಾರೆ.

ನಾವು ಕುರುಗೋಡಿನ ಐದು ಮಂದಿ ಹೆಂಗಸರು ಕಸ ತೆಗೆಯುವ ಕೂಲಿಗೆ ಹೋಗುತ್ತಿದ್ದೆವು. ಕಸ ಅಂದರೆ ಬೀದಿಯದಲ್ಲ, ಬೆಳೆಯ ಸಾಲಿನಲ್ಲಿ ಏಳುವ ಕಳೆ. ನಮ್ಮ ಗುಂಪಿಗೆ ಹಿರಿಯಳು ನನ್ನ ಅತ್ತೆ. ನಾನು ಸೊಸೆಯಾಗಿ ಬಂದ ಎಂಟನೇ ದಿನ ಕೈಗೆ ಕಳೆ ಕೀಳುವ ಕುರ್ಪಿ ಕೊಟ್ಟು, "ಹತ್ತನೇತ್ತ ಓದೀನಿ ಅಂತ ಕುಂದ್ರಬ್ಯಾಡ, ಕಸಕ್ಕ ಓದಾಕ ಬರಂಗಿಲ್ಲ" ಅಂದವಳು. ಗಂಡ ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟುಗಳಿಗೆ ಇಸ್ತ್ರಿ ಹಾಕುತ್ತಾನೆ, ಭಾನುವಾರಕ್ಕೊಮ್ಮೆ ಬರುತ್ತಾನೆ. ಅತ್ತೆ, ನಾನು, ಮೂರು ವರ್ಷದ ಮಗಳು ಉಣ್ಣುತ್ತಿದ್ದುದು ಕುರ್ಪಿಯ ಮೇಲೆ. ಅದರಲ್ಲೂ ಒಬ್ಬ ಸಾವ್ಕಾರರ ಮೆಣಸಿನಕಾಯಿ ಹೊಲದ ಮೇಲೆ. ಬಳ್ಳಾರಿಯ ಗಾಂಧಿನಗರದಲ್ಲಿರುವ ಆ ಸಾವ್ಕಾರರು ಒಂದು ದಿನ ಸಣ್ಣ ಲಾರಿಯಲ್ಲಿ ಕಸ ತೆಗೆಯುವ ಮಿಷನ್ ಒಂದನ್ನು ಬಾಡಿಗೆಗೆ ತಂದು ಇಳಿಸಿದರು.

ಎದುರು ಕೂತರೆ

ನಾಲ್ಕು ಗಾಲಿ, ಬೆನ್ನ ಮೇಲೆ ಸೋಲಾರ್ ಹಲಗೆ, ಹೊಟ್ಟೆಯ ಕೆಳಗೆ ಕ್ಯಾಮೆರಾ, ಅದರ ಪಕ್ಕದಲ್ಲಿ ಬೆರಳುದ್ದದ ಕತ್ತಿಗಳು. ಸಾಲಿನಲ್ಲಿ ಬಿಟ್ಟರೆ ತಾನೇ ನಡೆಯುತ್ತದೆ, ಗಿಡ ನೋಡಿ ಗುರುತು ಹಿಡಿಯುತ್ತದೆ, ಕಸವಾದರೆ ಕತ್ತರಿಸುತ್ತದೆ, ಮೆಣಸಿನ ಗಿಡವಾದರೆ ಮುಟ್ಟುವುದಿಲ್ಲ. ಅದನ್ನು ನೋಡಿಕೊಳ್ಳಲು ಮೈಸೂರು ಕಡೆಯ ಇಂಜಿನಿಯರ್ ಮೇಡಂ ಒಬ್ಬರು ಬಂದಿದ್ದರು.

"ಈ ಸಲ ಇದನ್ನ ನೋಡ್ತೀನಿ. ಸರಿಹೋತು ಅಂದ್ರ ನಿಮಗ ಬೆನ್ನು ಬಗ್ಗಿಸೋ ತ್ರಾಸು ತಪ್ತತಿ" ಅಂದರು ಸಾವ್ಕಾರರು.

"ಬೆನ್ನಿಂದು ಆತ್ರಿ, ಹೊಟ್ಟಿದು?" ಅಂದಳು ಅತ್ತೆ. ಸಾವ್ಕಾರರಿಗೆ ಸರಿಯಾಗಿ ಆಗಲೇ ಫೋನ್ ಬಂತು.

ಮಿಷನ್ ಹೊರಟಿತು. ಅಷ್ಟರಲ್ಲಿ ಬೇವಿನ ಗಿಡದ ಕೆಳಗಿದ್ದ ನನ್ನ ಮಗಳು ಓಡಿ ಹೋಗಿ ಅದರ ಎದುರು ನಿಂತಳು. ನಾನು ಕುರ್ಪಿ ಬಿಸಾಕಿ ಓಡಿದೆ. ಮಿಷನ್ ತಾನಾಗಿ ಗಕ್ಕನೆ ನಿಂತಿತು.

"ಹೆದರ್ಬೇಡಿ, ಎದುರಿಗೆ ಯಾರೇ ಬಂದ್ರೂ ಅದು ನಿಂತ್ಬಿಡುತ್ತೆ. ಅವರು ಸರಿಯೋವರೆಗೂ ಮುಂದೆ ಹೋಗಲ್ಲ" ಅಂದರು ಮೇಡಂ.

ಹೇಳಬಾರದಿತ್ತು. ಅತ್ತೆ ಬುತ್ತಿಗಂಟು ಹಿಡಿದು ಹೋಗಿ ಮಿಷನ್ನಿನ ಎದುರೇ ಕಾಲು ಚಾಚಿ ಕೂತಳು. ರೊಟ್ಟಿ ಮುರಿದಳು, ಚಟ್ನಿ ಹಚ್ಚಿಕೊಂಡಳು, ಒಂದೊಂದು ತುತ್ತನ್ನೂ ಮೂವತ್ತು ಸಲ ಅಗಿದಳು. ಅರ್ಧ ತಾಸಾಯಿತು.

"ಅಜ್ಜಿ, ಸ್ವಲ್ಪ ಪಕ್ಕಕ್ಕೆ ಬರ್ತೀರಾ?"

"ಇರವ್ವಾ, ಕುಂದ್ರತೀನಿ ಇನ್ನೊಂದೀಟು. ಹೆಣ್ಣುಮಗಳು ಉಣ್ಣೂತನಕ ಪಿಟ್ಟೆನ್ನದ ಕಾದಿದ್ದು ನಾ ಹುಟ್ಟಿದಾಗಿನಿಂದ ಇದೊಂದನ್ನ ನೋಡಿದ್ದು."

ಯಾವುದು ಕಸ

ಮಿಷನ್ನಿಗೆ ಕಣ್ಣಿತ್ತು, ತಿಳಿವಳಿಕೆ ಇರಲಿಲ್ಲ. ಯಾವುದು ಬೆಳೆ, ಯಾವುದು ಕಸ ಅಂತ ಯಾರಾದರೂ ಕಲಿಸಬೇಕಿತ್ತು. ಓದಿದವರು ಯಾರು ಅಂತ ಮೇಡಂ ಕೇಳಿದಾಗ ಉಳಿದ ನಾಲ್ವರೂ ನನ್ನ ಕಡೆ ನೋಡಿದರು.

ಬೇವಿನ ಗಿಡದ ಕೆಳಗೆ ನನಗೊಂದು ಕುರ್ಚಿ ಹಾಕಿದರು. ಮೇಡಂ ಕೊಟ್ಟ ದೊಡ್ಡ ಫೋನಿನಲ್ಲಿ ಒಂದೊಂದೇ ಗಿಡದ ಫೋಟೊ ಬರುತ್ತಿತ್ತು. ಉಳಿಸುವುದಾದರೆ ಹಸಿರು ಗುಂಡಿ, ಕಡಿಯುವುದಾದರೆ ಕೆಂಪು ಗುಂಡಿ. ಮೂರು ದಿನ ಒತ್ತಿದೆ. ಯಾರ ಕೆಲಸವನ್ನು ಯಾರಿಗೆ ಕಲಿಸುತ್ತಿದ್ದೇನೆ ಅಂತ ಗೊತ್ತಿರಲಿಲ್ಲವೆಂದರೆ ಸುಳ್ಳು. ಆದರೆ ಬಿಸಿಲಲ್ಲಿ ಬಗ್ಗಿ ಬಗ್ಗಿ ಸತ್ತ ಬೆನ್ನಿಗೆ ಕುರ್ಚಿ ಸಿಕ್ಕರೆ ಅದು ಬೇರೆಯವರ ಬೆನ್ನನ್ನು ಮರೆತುಬಿಡುತ್ತದೆ.

ಹದಿನೈದು ದಿನ ಮಿಷನ್ ಓಡಾಡಿದ ಮೇಲೆ ಸಾವ್ಕಾರರು ಹೊಲ ನೋಡಲು ಬಂದರು. ಅವರು ಖುಷಿಯಾದರೆ ಕನ್ನಡ ಮಾತಾಡುತ್ತಾರೆ, ಸಿಟ್ಟು ಬಂದರೆ ತೆಲುಗು. ಆ ದಿನ ಹೊಲದ ತುದಿಯಿಂದಲೇ ತೆಲುಗು ಕೇಳಿಸಿತು. ಹೋಗಿ ನೋಡಿದರೆ ಮೆಣಸಿನ ಗಿಡ ಮೊಣಕಾಲುದ್ದ, ಅದರ ಪಕ್ಕದಲ್ಲಿ ಕಿರಕಸಾಲಿ ಸೊಪ್ಪು ತೊಡೆಯುದ್ದ. ಸಾಲಿನ ನಡುವೆ ಹಕ್ಕರಕಿ ಸೊಪ್ಪು ಹಾಸಿಕೊಂಡು ಮಲಗಿತ್ತು. ಬೇರೊಂದು ಹುಲ್ಲು ಇರಲಿಲ್ಲ. ಅವೆರಡನ್ನು ಮಾತ್ರ ಮಿಷನ್ ಕಣ್ಣಿಟ್ಟು ಕಾದಿತ್ತು.

ಮೇಡಂ ಫೋಟೊ ತೆಗೆದು ತೋರಿಸಿದರು. "ಇದಕ್ಕೆ ಹಸಿರು ಒತ್ತಿದ್ದು ನೀವೇನಾ?"

"ಹೌದ್ರಿ, ನಾನ."

"ಇದು ಕಳೆ ಅಲ್ವಾ?"

"ಕಳೆ ಅಂತ ಯಾರಂದ್ರು? ಬ್ಯಾಳಿ ಹಾಕಿ ಪಲ್ಯ ಮಾಡಿದ್ರ ಎರಡು ರೊಟ್ಟಿ ಹೆಚ್ಚಿಗಿ ಹೋಗ್ತಾವು."

ನಾನು ಹೇಳಿದ್ದು ಖರೆ. ಕಸ ತೆಗೆಯುವಾಗ ಹುಲ್ಲು ಬದುವಿಗೆ ಹೋಗುತ್ತದೆ, ಈ ಸೊಪ್ಪು ನಮ್ಮ ಉಡಿಗೆ ಬರುತ್ತದೆ. ಉಡಿಗೆ ಬರುವುದನ್ನು ಕಸ ಅನ್ನಲು ನನ್ನ ನಾಲಿಗೆ ಹೊರಳುವುದಿಲ್ಲ, ಬೆರಳು ಹೇಗೆ ಹೊರಳೀತು? ಸಾವ್ಕಾರರು ಮತ್ತೊಂದು ಸುತ್ತು ತೆಲುಗಿನಲ್ಲಿ ಬೈದು ಕಾರು ಹತ್ತಿದರು. ಅವರ ಡ್ರೈವರ್ ಮಾತ್ರ ಒಂದು ಕಟ್ಟು ಸೊಪ್ಪು ಕಿತ್ತು ಡಿಕ್ಕಿಗೆ ಹಾಕಿಕೊಂಡ.

ಮರುದಿನ ಗಾಂಧಿನಗರದಿಂದ ಸಾವ್ಕಾರರ ಹೆಂಡತಿ ಮೇಡಂಗೆ ಫೋನ್ ಮಾಡಿದರು: "ಇನ್ನೆರಡು ಕಟ್ಟು ಕಳಿಸಿಕೊಡ್ರಿ. ಆಮ್ಯಾಲ ಬೇಕಾದ್ರ ಮಿಷನ್ನಿಗೆ ಬುದ್ಧಿ ಹೇಳ್ರಿ."

ಕೆಂಪು ಗುಂಡಿ

ಬುದ್ಧಿ ಹೇಳುವ ಕೆಲಸವೂ ನನಗೇ ಬಂತು. ಮತ್ತೆ ಅದೇ ಕುರ್ಚಿ, ಅದೇ ಫೋಟೊಗಳು. ಕಿರಕಸಾಲಿ ಬಂತು, ಕೆಂಪು. ಹಕ್ಕರಕಿ ಬಂತು, ಕೆಂಪು. ಈ ಸಲ ಕುರ್ಚಿ ಮೆತ್ತಗನಿಸಲಿಲ್ಲ. ನನ್ನ ಮಗಳು ಆ ಸೊಪ್ಪು ಬಿಟ್ಟರೆ ಬೇರೆ ಪಲ್ಯ ಮುಟ್ಟುವುದಿಲ್ಲ.

ಅತ್ತೆ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. "ಏನ್ ಒತ್ತಾಕತ್ತೀಬೇ?"

"ಸೊಪ್ಪು ಕಡಿ ಅಂತ ಹೇಳಾಕತ್ತೀನ್ರಿ."

"ಹಕ್ಕರಕೀನೂ?"

"ಅದನ್ನೂ."

ಅವಳು ಬಗ್ಗಿ ಫೋನಿನೊಳಗಿನ ಸೊಪ್ಪು ನೋಡಿದಳು. ಆಮೇಲೆ, "ಕಡೀಕ ನಮ್ಮ ಐದೂ ಮಂದೀದು ಒಂದು ಫೋಟೊ ತಗದು ಅದಕ್ಕೂ ಕೆಂಪು ಒತ್ತಿಬಿಡು. ಕೆಲಸ ಪೂರಾ ಆಗ್ತತಿ" ಅಂದಳು.

ನಾನು ಫೋನಿನಿಂದ ಕಣ್ಣೆತ್ತದೆ, "ಮೊದಲು ನಿಮ್ಮದ ಒತ್ತಲೇನ್ರಿ ಅತ್ತಿ?" ಅಂದೆ.

"ಒತ್ತು. ನಂದು ಮ್ಯಾಲಿಂದ ಕಡದ್ರ ಹೋಗೂ ಜಾತಿ ಅಲ್ಲ. ನಿಮ್ಮ ಮಾವಾರು ಮೂವತ್ತು ವರ್ಷ ಒತ್ತಿ ನೋಡಿದ್ರು."

ಪಂದ್ಯ

ಒಂದು ಮುಂಜಾನೆ ಸಾವ್ಕಾರರು ಸಿರುಗುಪ್ಪ ಕಡೆಯ ನಾಲ್ಕಾರು ರೈತರನ್ನು ಮಿಷನ್ ತೋರಿಸಲು ಕರೆತಂದರು. ಅರ್ಧ ಹೊಲ ಮಿಷನ್ನಿಗೆ, ಅರ್ಧ ನಮಗೆ, ಯಾರು ಮೊದಲು ಮುಗಿಸುತ್ತಾರೆ ನೋಡೋಣ ಅಂದರು. ಗೆದ್ದರೆ ಕೆಲಸ ಉಳಿಯುತ್ತದೆ ಅಂತ ಯಾರೂ ಹೇಳಲಿಲ್ಲ. ನಾವೇ ಹಾಗೆ ತಿಳಿದೆವು.

ಅತ್ತೆ ಸೀರೆ ಎತ್ತಿ ಕಟ್ಟಿದಳು. "ಇವತ್ತೊಂದು ದಿನ ಸೊಂಟ ಐತಿ ಅನ್ನೋದು ಮರೀರಿ. ನೀರೂ ಬ್ಯಾಡ, ಮಾತೂ ಬ್ಯಾಡ."

ಐದು ಮಂದಿ ಹೆಂಗಸರು ಮಾತಿಲ್ಲದೆ ಕಸ ಕಿತ್ತಿದ್ದು ಆ ಹೊಲ ಮೊದಲ ಸಲ ನೋಡಿತು. ಕುರ್ಪಿ ಕಾಣುತ್ತಿರಲಿಲ್ಲ, ಮಣ್ಣು ಹಾರುವುದಷ್ಟೇ ಕಾಣುತ್ತಿತ್ತು. ಬಾತ ಮೊಣಕಾಲಿನ ಅತ್ತೆ ನಮ್ಮೆಲ್ಲರಿಗಿಂತ ಎರಡು ಮಾರು ಮುಂದಿದ್ದಳು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ನಮ್ಮ ಅರ್ಧ ಚೊಕ್ಕಟವಾಯಿತು. ಮಿಷನ್ನಿಗೆ ಇನ್ನೂ ಎಂಟು ಸಾಲು ಉಳಿದಿತ್ತು. ಸಿರುಗುಪ್ಪದವರು ಚಪ್ಪಾಳೆ ಹೊಡೆದರು. ನಾವು ಎಲೆಕ್ಷನ್ ಗೆದ್ದವರ ಹಾಗೆ ನಿಂತೆವು.

ಸಾವ್ಕಾರರು ನಗುತ್ತಾ ಬಂದರು. "ಭೇಷ್. ಅರ್ಧ ಹೊಲ ಅರ್ಧ ದಿನಕ್ಕ ಮುಗಿಸಿದ್ರಿ. ಅಂದ್ರ ಪೂರಾ ಹೊಲ ಒಂದು ದಿನದ ಕೆಲಸ. ಹಂಗಾದ್ರ ಇಷ್ಟು ವರ್ಷ ಆರು ದಿನ ಯಾಕ ಹಿಡೀತಿತ್ತು?"

ಐದೂ ಮುಖ ಒಟ್ಟಿಗೇ ಇಳಿದವು. ದಿನಗೂಲಿಗೆ ಅದರದೇ ಒಂದು ನಡಿಗೆ ಇದೆ. ಇವತ್ತಿನ ಸೊಂಟ ನಾಳೆಗೂ ಬೇಕು, ನಾಳಿದ್ದಿಗೂ ಕೆಲಸ ಉಳಿಯಬೇಕು. ಕಳ್ಳಾಟ ಅನ್ನಿ, ಬದುಕುವ ರೀತಿ ಅನ್ನಿ, ಅತ್ತೆ ನನಗೆ ಕಲಿಸಿದ್ದು ಅದನ್ನೇ. ಆ ದಿನ ಮಾಡಿದ ಹಾಗೆ ದಿನಾ ಮಾಡಿದರೆ ಮೂರನೇ ದಿನ ಯಾರೂ ಏಳುವುದಿಲ್ಲ. ಅತ್ತೆ ಮರುದಿನವೇ ಹಾಸಿಗೆ ಬಿಟ್ಟು ಏಳಲಿಲ್ಲ. ಆದರೆ ಗೆದ್ದು ನಿಂತವರು ಇದನ್ನು ಯಾವ ಬಾಯಲ್ಲಿ ಹೇಳುವುದು?

ಕೊನೆಗೆ ಅತ್ತೆಯೇ ಅಂದಳು: "ಆವಾಗ ನಮ್ಮ ಸಂಗಾಟ ಓಡಾಕ ಯಾರೂ ಇರ್ಲಿಲ್ರಿ ಸಾವ್ಕಾರ್ರ. ಇದನ್ನ ನೋಡಿ ಈಗ ಕಲ್ತಿವಿ."

ಎಲ್ಲರೂ ನಕ್ಕರು, ಸಾವ್ಕಾರರು ಎಲ್ಲರಿಗಿಂತ ಜೋರಾಗಿ. ನಗುತ್ತಲೇ, "ಇನ್ಮ್ಯಾಲ ಒಂದ ದಿನ ಬರ್ರಿ, ಸಾಕು. ಮಿಷನ್ ಬಿಟ್ಟಿದ್ದನ್ನ ತಗದು ಹೋಗ್ರಿ" ಅಂದರು. ಕನ್ನಡದಲ್ಲೇ ಅಂದರು.

ಒಂದು ದಿನದಿಂದ ಮನೆ ನಡೆಯುವುದಿಲ್ಲ. ಈಗ ನಾವು ಸಿರುಗುಪ್ಪದ ಬಸ್ ಹಿಡಿದು ಆ ಕಡೆಯ ಕರೂರಿಗೆ ಭತ್ತದ ನಾಟಿಗೆ ಹೋಗುತ್ತೇವೆ. ಇಡೀ ದಿನ ಕೆಸರು ನೀರಲ್ಲಿ ನಿಲ್ಲಬೇಕು. ಮಗಳನ್ನು ಪಕ್ಕದ ಮನೆಯಲ್ಲಿ ಬಿಡುತ್ತೇನೆ. ಬೇಡವೆಂದರೂ ಅತ್ತೆ ಕುಂಟುತ್ತಾ ಬರುತ್ತಾಳೆ.

ಮೊನ್ನೆ ಕುರುಗೋಡು ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆವು. ಸಣ್ಣ ಲಾರಿಯೊಂದು ಬಂದು ನಿಂತಿತು. ಮುಂದೆ ಇಂಜಿನಿಯರ್ ಮೇಡಂ, ಹಿಂದೆ ಹಗ್ಗ ಬಿಗಿಸಿಕೊಂಡು ಕೂತ ಮಿಷನ್.

"ಎಲ್ಲಿಗ್ರಿ ಮೇಡಂ?" ಅಂದೆ.

"ಸಿರುಗುಪ್ಪ ಕಡೆ. ಸಾವ್ಕಾರರ ಹೊಲ ಬೇಗ ಮುಗೀತಲ್ಲ, ಇನ್ನು ಇಲ್ಲಿ ಕೆಲಸ ಇಲ್ಲ ಅಂದ್ರು. ಬೇರೆಯವರು ಕರೆದಿದ್ದಾರೆ."

ಅತ್ತೆ ಕುಂಟುತ್ತಾ ಹೋಗಿ ಲಾರಿಯ ಹಿಂದೆ ನಿಂತಳು. ಕೈ ಎತ್ತಿ ಮಿಷನ್ನಿನ ಗಾಲಿಗೆ ಅಂಟಿದ್ದ ಮಣ್ಣು ಒರೆಸಿದಳು.

"ಅಷ್ಟು ಬಿರಬಿರ ಯಾಕ ಮಾಡಿದಿಬೇ, ಖೋಡಿ? ಈಗ ನೋಡು, ನಿನ್ನೂ ಕಳಿಸಿಬಿಟ್ರು."