ಡಾಕ್ಟರ್ ಸಾಯಾ

ನೆರಳಿಗೆ ಹೆದರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ನಗು. ನೆರಳೆಂದರೆ ಬೆಳಕಿಗೆ ಅಡ್ಡ ಬಂದದ್ದರ ಗುರುತು, ಅಷ್ಟೆ. ಬಸವಕಲ್ಯಾಣದಲ್ಲಿ ಚಶ್ಮಾ ಅಂಗಡಿ ಇಟ್ಟುಕೊಂಡು ಬೆಳಕಿನ ಮೇಲೆಯೇ ಹೊಟ್ಟೆ ಹೊರೆಯುವ ನಾನು ಇದನ್ನು ಯಾರಿಗೆ ಬೇಕಾದರೂ ಗಾಜು ಹಿಡಿದು ತೋರಿಸಬಲ್ಲೆ. ಹೀಗೆ ಹೇಳಿಕೊಂಡು ತಿರುಗುತ್ತಿದ್ದವನ ಎಡಗೈಯಲ್ಲಿ ಈಗ ಒಂದು ಕರಿ ದಾರವಿದೆ. ಗಿರಾಕಿಗಳು ಕೇಳಿದರೆ ಬಿ.ಪಿ.ಗೆ ಕಟ್ಟಿಸಿಕೊಂಡದ್ದು ಎನ್ನುತ್ತೇನೆ. ನಿಮಗೆ ಮಾತ್ರ ನಿಜ ಹೇಳಬಹುದು, ನೀವು ನಮ್ಮ ಓಣಿಯವರಲ್ಲವಲ್ಲ.

ನಮ್ಮ ಕಡೆ ಹಳ್ಳಿಯ ಜನ ಚಶ್ಮಾ ಅಂಗಡಿಯವನನ್ನೂ ಡಾಕ್ಟರ್‌ಸಾಬ್ ಎಂದೇ ಕರೆಯುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ. ಆಮೇಲೆ ತಿದ್ದುವುದನ್ನು ಬಿಟ್ಟೆ. ಆಮೇಲಾಮೇಲೆ ಯಾರಾದರೂ ಹಾಗೆ ಕರೆಯದಿದ್ದರೆ ಸಿಟ್ಟು ಬರತೊಡಗಿತು. ಆದರೂ ಅದು ಕಡ ತಂದ ಕೋಟು ಎಂದು ಒಳಗೆ ಗೊತ್ತಿತ್ತು. ಆದ್ದರಿಂದ ನಮ್ಮ ಒಬ್ಬಳೇ ಮಗಳು ಅಂಬಿಕಾ, ಇನ್ನೂ ಅಂಬೆಗಾಲಿಡುತ್ತಿದ್ದಾಗ, ನನ್ನ ಟಾರ್ಚು ಎಳೆದುಕೊಂಡು ಬೆಕ್ಕಿನ ಕಣ್ಣಿಗೆ ಬಿಟ್ಟದ್ದೇ ತಡ, ಇವಳು ಡಾಕ್ಟರೇ ಆಗುತ್ತಾಳೆಂದು ತೀರ್ಮಾನ ಮಾಡಿಬಿಟ್ಟೆ. ಬೆಕ್ಕಿನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಮಗಳದ್ದನ್ನೂ ಕೇಳಲಿಲ್ಲ.

ಹ್ಞಾಂ, ಮುಂದೆ. ಅಂಬಿಕಾ ನೀಟ್ ಪರೀಕ್ಷೆ ಬರೆದಳು. ಎಷ್ಟು ಅಂಕ ಬಂತು ಎಂದು ಕೇಳಬೇಡಿ. ಫಲಿತಾಂಶದ ದಿನ ಚಶ್ಮಾ ಬದಲಿಸಿ ಬದಲಿಸಿ ನೋಡಿದೆ. ಅಂಗಡಿಯ ಗಾಜುಗಳೆಲ್ಲ ಆ ಅಂಕಿಯನ್ನು ದೊಡ್ಡದಾಗಿ ತೋರಿಸಿದವೇ ಹೊರತು ಹೆಚ್ಚು ಮಾಡಲಿಲ್ಲ. ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅಳಲಿಲ್ಲ. ಮಾತು ಬಿಟ್ಟಳು. ಅದು ಮುನಿಸಿಕೊಂಡವರ ಮೌನವೂ ಆಗಿರಲಿಲ್ಲ. ಕರೆದರೆ ಬರುತ್ತಿದ್ದಳು, ಬಡಿಸಿದರೆ ಉಣ್ಣುತ್ತಿದ್ದಳು. "ಮತ್ತೊಮ್ಮೆ ಬರೀತಿಯೇನವಾ?" ಎಂದು ಕೇಳಿದರೆ ನನ್ನ ಮುಖ ನೋಡದೆ, ನನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದಳು. ಅಲ್ಲಿ ಯಾರೋ ಇದ್ದಾರೆ ಎನ್ನುವ ಹಾಗೆ. ಒಂದೆರಡು ಸಲ ನಾನೂ ತಿರುಗಿ ನೋಡಿದ್ದುಂಟು. ಸುಣ್ಣ ಬಿಟ್ಟರೆ ಏನೂ ಇರಲಿಲ್ಲ. ಕಲಬುರ್ಗಿಯ ಕೋಚಿಂಗಿಗೆ ಸೇರಿಸುವುದೋ, ಬಿ.ಎಸ್ಸಿ.ಗೋ, ಬೇರೆ ಏನಾದರೂ ಮಾಡುವುದೋ ಬೇಗ ನಿರ್ಧಾರವಾಗಬೇಕಿತ್ತು. ಅವಳ ಬಾಯಿಂದ ಒಂದು ಹೌದು ಅಥವಾ ಒಂದು ಇಲ್ಲ ಹೊರಡಲಿ ಎಂದು ಹೆಂಡತಿ ಸುವರ್ಣಾ ದಿನವೂ ದೇವರ ಮುಂದೆ ನಿಲ್ಲುತ್ತಿದ್ದಳು. ನಾನು ಫೋನಿನ ಮುಂದೆ ಕೂತೆ.

ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದರೆ ಮೆಡಿಕಲ್ ಅರ್ಜಿಯನ್ನು ಗಟ್ಟಿ ಮಾಡುವುದು ಹೇಗೆ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಯಾವುದೋ ದೂರದೇಶದ ಪುಟ ತೆರೆಯಿತು. ಕನ್ನಡಕ್ಕೆ ತಿರುಗಿಸು ಎಂದು ಒತ್ತಿದೆ. ಸೇವೆ ಮಾಡಿ, ನಿಮ್ಮ ಬಗ್ಗೆ ಚೆಂದಾಗಿ ಬರೆಯಿರಿ ಎಂದೆಲ್ಲ ಹೇಳಿ, ಕೊನೆಗೆ ದಪ್ಪ ಅಕ್ಷರದಲ್ಲಿ "ವೈದ್ಯರನ್ನು ನೆರಳು ಮಾಡಿ" ಎಂದಿತ್ತು. ಬಹಳ ಹೊತ್ತು ಯೋಚಿಸಿದೆ. ಡಾಕ್ಟರರಿಗೆ ಕೊಡೆ ಹಿಡಿಯುವುದೇ? ಗಂಟಲು ಸರಿ ಮಾಡಿಕೊಂಡು ಮನೆಯವರಿಗೆಲ್ಲ ಓದಿ ಹೇಳಿದೆ. ಅಂಬಿಕಾ ಅಂದು ಅಪರೂಪಕ್ಕೆ ಬಾಯಿ ಬಿಟ್ಟಳು.

"ಹಂಗಂದ್ರ ಡಾಕ್ಟರ್ ಹಿಂದ ಹಿಂದ ಇದ್ದು ಅವ್ರು ಏನ್ ಮಾಡ್ತಾರ ನೋಡೋದು. ಅದು ಅವ್ರ ದೇಶದಾಗ. ಇಲ್ಲಿ ಬರೇ ಮಾರ್ಕ್ಸ್ ಅಪ್ಪಾ. ನೆರಳಿಗಿ ಸೀಟ್ ಕೊಡಾಂಗಿಲ್ಲ."

ಇಷ್ಟು ಸ್ಪಷ್ಟವಾಗಿ ಹೇಳಿದ್ದನ್ನು ಬುದ್ಧಿಯಿದ್ದ ಯಾವ ಅಪ್ಪನಾದರೂ ಕೇಳುತ್ತಿದ್ದ. ನಾನು ಮರುದಿನವೇ ಅವಳನ್ನು ಕರೆದುಕೊಂಡು ಹುಮನಾಬಾದಿನ ಬಸ್ಸು ಹತ್ತಿದೆ.

ಹುಮನಾಬಾದಿನಲ್ಲಿ ಗಂಜಿನ, ಅಂದರೆ ಕಾಳಿನ ಪೇಟೆಯ, ಹಿಂದೆ ನಮ್ಮ ಡಾಕ್ಟರ್ ಕಾಕಾನ ದವಾಖಾನೆ. ನನಗೆ ದೂರದಿಂದ ಕಾಕಾ ಆಗಬೇಕು, ವಯಸ್ಸಾಗಿದೆ, ಮಾತು ಕಡಿಮೆ. ಮುಂದೆ ಜೋಳ ತೊಗರಿಯ ಚೀಲಗಳ ಗದ್ದಲ. ಒಳಗೆ ಹೋಗಿ ಹಸಿರು ಪರದೆ ಬಿಟ್ಟರೆ ಬಾವಿಗೆ ಇಳಿದಂತೆ ಮಬ್ಬು. ಗಾಳಿ ತಿರುಗಿದರೆ ಊರಾಚೆಯ ಕಾರ್ಖಾನೆಗಳಿಂದ ಔಷಧದ ವಾಸನೆ ಬಂದು ಪರದೆಯನ್ನು ಮೆಲ್ಲಗೆ ಅಲುಗಿಸುತ್ತದೆ, ಯಾರೋ ಹಿಂದೆ ನಿಂತು ಉಸಿರಾಡುವ ಹಾಗೆ. ಕಾಕಾ ಒಪ್ಪಿದರು. ಅಂಬಿಕಾ ಅವರ ಕುರ್ಚಿಯ ಹಿಂದೆ ನಿಂತಳು. ಅವಳು ಸರಿಯಾಗಿ ನಿಂತಿದ್ದಾಳೋ ಇಲ್ಲವೋ ನೋಡಲು ನಾನು ಅವಳ ಹಿಂದೆ ನಿಂತೆ. ನಾಲ್ಕಾರು ದಿನ ಹೀಗೇ ನಡೆದ ಮೇಲೆ ಕಾಕಾ ಕತ್ತೆತ್ತಿ, "ಒಂದು ನೆರಳು ಅಂದಿದ್ದಿ. ಎರಡು ನಿಂತಾವಲ್ಲೋ. ನೀ ಅಂಗಡಿಗಿ ಹೋಗು" ಎಂದರು. ಹೋದೆ.

ಆಮೇಲೆ ಅವಳೊಬ್ಬಳೇ ಹೋಗಿ ಬರತೊಡಗಿದಳು. ದವಾಖಾನೆ ಇಲ್ಲದ ದಿನ ಅಂಗಡಿಯಲ್ಲಿ ಕೂಡುತ್ತಿದ್ದಳು. ಆಗಲೇ ನಾನು ಕೆಲವು ಸಂಗತಿಗಳನ್ನು ಗಮನಿಸಿದ್ದು. ಉಣ್ಣಲು ಕೂತಾಗ ತಾಟಿನ ಪಕ್ಕ ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದಳು, ಟಕ್ ಟಕ್. ಆಮೇಲೆಯೇ ತುತ್ತು. ಸುವರ್ಣಾ ಏನಾದರೂ ಹೇಳಲು ಹೋಗಿ ನಡುವೆ ನಿಲ್ಲಿಸಿದರೆ, ತಲೆ ಎತ್ತದೆ "ಹ್ಞಾಂ, ಮುಂದ?" ಎನ್ನುತ್ತಿದ್ದಳು. ಅದು ಹದಿನೆಂಟರ ಹುಡುಗಿಯ ದನಿಯಲ್ಲ. ಅದರಲ್ಲಿ ವಯಸ್ಸಾದ ಗಂಡಸಿನ ಅವಸರವಿತ್ತು. ಒಂದು ಮಧ್ಯಾಹ್ನ ಕರೆಂಟು ಹೋಗಿ ಓಣಿಯೆಲ್ಲ ಸ್ತಬ್ಧವಾಗಿತ್ತು. ಗೋಡೆಯ ಮೇಲಿನ ಪಾರಿವಾಳಗಳೂ ಸುಮ್ಮನಿದ್ದವು. ಅಂಗಳದಲ್ಲಿ ಯಾರೋ ಹಿರಿಯರು ಎರಡು ಬಿಡಿ ಕೆಮ್ಮು ಕೆಮ್ಮಿ, ಚಪ್ಪಲಿ ಎಳೆಯುತ್ತ ಬಂದ ಸದ್ದಾಯಿತು. "ಬರ್ರಿ ಕಾಕಾ, ಬರ್ರಿ" ಎನ್ನುತ್ತ ಹೊರಗೆ ಓಡಿದೆ. ಅಂಗಳದಲ್ಲಿ ಅಂಬಿಕಾ ಒಬ್ಬಳೇ ಬಿಸಿಲಲ್ಲಿ ನಿಂತಿದ್ದಳು. ತೋಳಿನ ಮೇಲೆ ಕೂದಲು ನಿಮಿರಿತು. ಆದರೆ ಮರುಗಳಿಗೆಗೆ ಸಂತೋಷವೂ ಆಯಿತು. ಡಾಕ್ಟರರ ನೆರಳಾಗಲು ಹೋದವಳಿಗೆ ಡಾಕ್ಟರರ ನಡೆ ನುಡಿ ಕೆಮ್ಮು ಎಲ್ಲ ಹತ್ತಿಬಿಟ್ಟಿದೆ, ಇನ್ನು ಸೀಟು ಹತ್ತುವುದೇನು ಮಹಾ!

ಈ ಸಂತೋಷವನ್ನು ಒಳಗೇ ಇಟ್ಟುಕೊಳ್ಳಬೇಕಾಗಿತ್ತು. ಪಕ್ಕದ ಮನೆಯ ಹಸೀನಾ ಖಾಲಾ ಬಾಗಿಲಲ್ಲಿ ಸಿಕ್ಕರು. ಮಕ್ಕಳಿಗೆ ನಜರ್ ಆದರೆ ಮೆಣಸಿನಕಾಯಿ ಇಳಿಸುವವರು, ಬೆದರಿದವರಿಗೆ ದಾರ ಕಟ್ಟುವವರು ಅವರೇ. ನಮ್ಮ ಓಣಿಯ ಅರ್ಧ ಕೈಗಳ ಮೇಲೆ ಅವರ ದಾರವಿದೆ.

"ಕ್ಯಾ ಬೇಟಾ, ಅಂಬಿ ಯಾಕ ಸುಮ್ಮ ಇರ್ತದ ಈಗೀಗ? ಏನ್ ಆಗ್ಯಾದ ಕೂಸಿಗಿ?" ಎಂದರು.

ನೆರಳು ಎಂದರೆ ಸಪ್ಪೆಯಾದೀತು ಎಂದು, ಅವರ ಮಾತಿನಲ್ಲೇ ಹೇಳುವ ಉಮೇದಿನಲ್ಲಿ, "ಡಾಕ್ಟರ್ ಸಾಯಾ ಆಗ್ಯಾದ್ರಿ ಖಾಲಾ" ಎಂದೆ.

ಸಾಯಾ ಎಂದರೆ ನೆರಳು, ಸುಳ್ಳಲ್ಲ. ಆದರೆ ಒಬ್ಬರಿಗೆ ಸಾಯಾ ಆಗಿದೆ ಎಂದರೆ ನಮ್ಮಲ್ಲಿ ಬೇವಿನ ಗಿಡದ ನೆರಳಲ್ಲ. ಸತ್ತವರದು, ಮೈಮೇಲೆ ಬಂದು ಹೋಗದೆ ಕೂತದ್ದು. ಇದು ಓಣಿಯ ಬೆಕ್ಕಿಗೂ ಗೊತ್ತು. ಹೆಮ್ಮೆ ತಲೆಗೇರಿದ್ದರಿಂದ ನನಗೊಬ್ಬನಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

ಖಾಲಾ ಸೆರಗು ಬಾಯಿಗೆ ಹಿಡಿದು, "ಯಾವಾಗಿಂದ?" ಎಂದರು.

"ರಿಸಲ್ಟ್ ಬಂದಾಗಿಂದ. ಭಾಳ ಚಲೋ ಹೊಂದ್ಯಾದ."

"ನಗಾಕತ್ತಿಯಲ್ಲೋ ಬೇಟಾ."

"ಮತ್ತ? ನಾನೇ ಹುಮನಾಬಾದಿಗಿ ಕರ್ಕೊಂಡ್ ಹೋಗಿ, ಕೈ ಮುಗಿದು ಹಚ್ಚಿಸಿ ಬಂದೀನ್ರಿ."

ಖಾಲಾ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗಿತ್ತು. ಸತ್ತ ಡಾಕ್ಟರ್ ಯಾರು ಎಂಬುದರ ಮೇಲೆ ಮಾತ್ರ ಒಮ್ಮತ ಇರಲಿಲ್ಲ. ಕಿಲ್ಲಾದ ಕಡೆಯವರು ನಿಜಾಮರ ಕಾಲದ ಹಕೀಮನೆಂದರು, ಬಸ್‌ಸ್ಟ್ಯಾಂಡ್ ಕಡೆಯವರು ಕಾಲರಾದಲ್ಲಿ ತೀರಿಕೊಂಡ ಕಂಪೌಂಡರ್ ಎಂದರು. ಮಂಠಾಳದಿಂದ ಒಬ್ಬ ಹೆಣ್ಣುಮಗಳು ಮೊಣಕಾಲು ಹಿಡಿದುಕೊಂಡು, ಸತ್ತ ಡಾಕ್ಟರಿಗೆ ತೋರಿಸಲೆಂದು ಅಂಗಡಿಗೇ ಬಂದಳು. ಅಂಬಿಕಾ ಏನೂ ತಿಳಿಯದೆ ಮೇಜು ಎರಡು ಸಲ ತಟ್ಟಿ, "ಹ್ಞಾಂ, ಮುಂದ?" ಎಂದಳು. ಆ ಹೆಣ್ಣುಮಗಳು ದೂರದಿಂದಲೇ ಕೈ ಮುಗಿದು ಮೊಣಕಾಲು ಮರೆತು ಓಡಿದಳು. ಮುಡಬಿಯ ಮುದುಕರೊಬ್ಬರು ಚಶ್ಮಾಕ್ಕೆ ಬಂದರೆ ಇವಳು ಅವರ ಕಣ್ಣಿಗೆ ಟಾರ್ಚು ಬಿಟ್ಟು, "ಚಶ್ಮಾಲಿಂದ ಆಗಾಂಗಿಲ್ಲರಿ ಮುತ್ಯಾ, ಮೋತಿಬಿಂದು ಆಗ್ಯಾದ, ಕಣ್ಣಾಗ ಪೊರಿ ಬಂದಾದ, ದೊಡ್ಡ ದವಾಖಾನಿಗಿ ಹೋಗ್ರಿ" ಎಂದು ಕಳಿಸಿಬಿಟ್ಟಳು. ಆ ಮಾತನ್ನು ಮಾತ್ರ ಅವಳ ಸ್ವಂತ ದನಿಯಲ್ಲಿ ಹೇಳಿದಳು. ಗಿರಾಕಿ ಹೋದ ಸಂಕಟದಲ್ಲಿ ನಾನು ಅದನ್ನು ಗಮನಿಸಲಿಲ್ಲ.

ಓಣಿಯ ಸುದ್ದಿ ಸುವರ್ಣಾಳ ಕಿವಿಗೆ ಬಿದ್ದು, ಮನೆಯಲ್ಲಿ ಒಲೆ ಹೊತ್ತುವುದು ತಡವಾಗತೊಡಗಿತು. ಇದನ್ನೆಲ್ಲ ನಕ್ಕು ಮುಗಿಸಿಬಿಡೋಣ, ಕಾಕಾನಿಗೆ ಒಂದು ಧನ್ಯವಾದವನ್ನೂ ಹೇಳೋಣ ಎಂದು ಹುಮನಾಬಾದಿಗೆ ಹೋದೆ. "ನಿಮ್ಮ ಕೆಮ್ಮು, ನಿಮ್ಮ ಟಕ್ ಟಕ್, ಎಲ್ಲಾ ನಮ್ಮ ಹುಡುಗಿಗಿ ಬಂದಾವ್ರಿ ಕಾಕಾ" ಎಂದೆ.

ಕಾಕಾ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ನಾ ಯಾಕ ಟೇಬಲ್ ಬಡೀಲಿ? ಪೇಶಂಟ್ ಬೆದರ್ತಾರ. ನಂಗ ಕೆಮ್ಮೂ ಇಲ್ಲ."

"ಮತ್ತ ಆಕಿ..."

"ಬಂದ ದಿನಾನೇ ತಟ್ಟಾಕತ್ತಿದ್ಳು. ನಾನೇ ನಿನಗ ಕೇಳಬೇಕಂತ ಇದ್ದೆ. ಅದು ಯಾರದು?"

ಪರದೆ ಅಲುಗಿತು. ಗಂಜಿನ ಗದ್ದಲ ಎಲ್ಲೋ ದೂರಕ್ಕೆ ಹೋದಂತಾಯಿತು. ಎಷ್ಟೋ ವರ್ಷಗಳಿಂದ ನೆರಳಿನ ಬಗ್ಗೆ ಜನರಿಗೆ ಪಾಠ ಹೇಳಿದವನು, ಹಾಡುಹಗಲಲ್ಲಿ ಬಸ್ಸಿನಲ್ಲಿ ಕೂತು ಬೆವೆತೆ. ಆ ಟಕ್ ಟಕ್ ನನಗೆ ಗೊತ್ತಿದ್ದ ಸದ್ದು. ಎಲ್ಲಿಯೋ ಬಹಳ ಹತ್ತಿರದಲ್ಲಿ, ದಿನವೂ ಕೇಳಿದ್ದೆ. ಎಲ್ಲಿ ಎಂದು ಮಾತ್ರ ಏನು ಮಾಡಿದರೂ ನೆನಪಾಗಲೊಲ್ಲದು. ಹಾಗಾದರೆ ಅದು ನಮ್ಮ ಮನೆಯದೇ ಯಾರದೋ! ನನ್ನ ಮಗಳು ನನಗೆ ಸಿಗದೆ ಹೋದಳೇ! ಸೀಟು ಹಾಳಾಗಿ ಹೋಗಲಿ, ಹುಡುಗಿ ಅವಳ ದನಿಯಲ್ಲಿ ಒಂದು ಮಾತಾಡಿದರೆ ಸಾಕು ಎಂದು ಬಸವಕಲ್ಯಾಣ ಬರುವವರೆಗೂ ಅಂದುಕೊಂಡೆ. ಇಳಿದವನು ನೇರ ಖಾಲಾರ ಬಾಗಿಲಿಗೆ ಹೋಗಿ, "ಬಿಡಿಸ್ರಿ" ಎಂದೆ.

ಸಂಜೆಮುಂದಿನ ಅಸರ್ ನಮಾಜು ಮುಗಿಸಿ ಖಾಲಾ ಬಂದರು. ಸಾಯಾ ಇದ್ದರೆ ಇಳಿಬಿಸಿಲಿನಲ್ಲಿ ಸಿಕ್ಕಿಬೀಳುತ್ತದೆ, ಮೈಯ ನೆರಳಿನ ಪಕ್ಕ ತನ್ನದೂ ಬೀಳಿಸದೆ ಅದಕ್ಕೆ ಗತ್ಯಂತರವಿಲ್ಲ ಎಂದು ಅಂಬಿಕಾಳನ್ನು ಅಂಗಳದಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಸುವರ್ಣಾ ಕಂಬ ಹಿಡಿದು ನಿಂತಳು. ಅಂಬಿಕಾಳೂ ಯಾಕೋ ತಕರಾರು ಮಾಡಲಿಲ್ಲ. ಸುಣ್ಣದ ಗೋಡೆಯ ಮೇಲೆ ಅವಳ ತೆಳ್ಳನೆಯ ನೆರಳು ಬಿದ್ದಿತ್ತು. ಅದರ ಹಿಂದೆ, ಅದಕ್ಕೆ ಅಂಟಿಕೊಂಡು, ಇನ್ನೊಂದು. ಅಗಲ ಭುಜದ್ದು, ಅವಳ ನೆರಳನ್ನು ಅರ್ಧ ನುಂಗಿದ್ದು. ಅಂಬಿಕಾ ಒಂದು ಹೆಜ್ಜೆ ಬಲಕ್ಕೆ ಸರಿದಳು. ಅದೂ ಸರಿಯಿತು. ಎಡಕ್ಕೆ ಬಂದಳು. ಅದೂ ಬಂತು.

"ಎರಡು ಅದಾವ" ಎಂದೆ, ಪಿಸುದನಿಯಲ್ಲಿ. ಹೆದರಿಕೆಗೆ ಎರಡು ಕೆಮ್ಮು ಬಂದವು. ಕೈ ತಾನಾಗಿ ಪಕ್ಕದ ನೀರಿನ ಹಂಡೆಯ ಮೇಲೆ ಬಿತ್ತು. ಟಕ್ ಟಕ್.

ಖಾಲಾ ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು. "ಬೇಟಾ, ಆಕಿ ಸರಿದ್ರ ನೀ ಯಾಕ ಸರೀಲಾಕತ್ತಿ?"

ಆಗ ನೋಡಿದೆ. ಮಗಳ ಹಿಂದೆ ಒಂದು ಮೊಳದಲ್ಲಿ ನಾನು ನಿಂತಿದ್ದೆ. ಯಾವಾಗ ಹೋಗಿ ನಿಂತೆನೋ, ದೇವರಾಣೆ, ನನಗೆ ಗೊತ್ತಿಲ್ಲ.

"ನಾ ಚಶ್ಮಾ ಮಾಡ್ಸಾಕ ಬಂದಾಗ ಗೋಡಿ ಮ್ಯಾಲಿನ ಅಕ್ಷರ ಓದಸ್ತಿದ್ದಿ. ನಾ ಓದೋದು ನಿಲ್ಲಿಸಿದಾಗೊಮ್ಮಿ ಗಾಜಿನ ಪೆಟಗಿ ಎರಡ್ ಸಲ ಬಡದು, ಹ್ಞಾಂ, ಮುಂದ? ಅಂತಿದ್ದಿ. ಮರತಿಯೇನು?" ಖಾಲಾ ಸೆರಗಿನ ಗಂಟಿನಿಂದ ದಾರ ತೆಗೆದರು. ಅಂಬಿಕಾಳ ಕೈ ಕೇಳಲಿಲ್ಲ. "ಸಾಯಾ ಆಗ್ಯಾದ, ಸುಳ್ಳಲ್ಲ. ಕಟ್ಟೋದು ಮಾತ್ರ ಈ ಕೈಗಿ" ಎಂದು ನನ್ನ ಎಡಗೈ ಎಳೆದುಕೊಂಡರು.

ಮೊದಲು ನಕ್ಕವಳು ಅಂಬಿಕಾ. ಫಲಿತಾಂಶ ಬಂದ ಮೇಲೆ ಮೊದಲ ಸಲ, ಅವಳದೇ ದನಿಯಲ್ಲಿ, ಗೋಡೆಗೆ ಒರಗಿ ನಕ್ಕಳು. ನಗುತ್ತ ನಗುತ್ತ ಅತ್ತಳು. ಸುವರ್ಣಾ ಕಂಬ ಬಿಟ್ಟು ಬಂದು ಅವಳನ್ನು ಹಿಡಿದುಕೊಂಡಳು. "ಸಣ್ಣಾಕಿದ್ದಾಗಿಂದ ಓದಾಕ ಕುಂತ್ರ ಹಿಂದ ನಿಂತು ಟೇಬಲ್ ಬಡೀತಿದ್ರಿ ಅಪ್ಪಾ. ಪರೀಕ್ಷಾದಾಗೂ ಪ್ರಶ್ನಿ ಓದಾಕ ಹೋದ್ರ ಅದೇ ಕೇಳ್ತಿತ್ತು. ಹ್ಞಾಂ, ಮುಂದ. ಹ್ಞಾಂ, ಮುಂದ. ಒಂದೂ ಪೂರಾ ಓದಾಕ ಆಗ್ಲಿಲ್ಲ" ಎಂದಳು. ನಾನು ಏನು ಹೇಳುವುದಕ್ಕೂ ಮೊದಲು ತಟ್ಟಬೇಕಾಗುತ್ತಿತ್ತು, ಅದಕ್ಕೇ ದಾರ ಕಟ್ಟಿದ ಕೈಯನ್ನು ಇನ್ನೊಂದು ಕೈಯಿಂದ ಬಿಗಿಯಾಗಿ ಹಿಡಿದುಕೊಂಡೆ.

ಉತ್ತರ ಮರುದಿನ ಬೆಳಗ್ಗೆ ಬಂತು, ನಾನು ಕೇಳದೆ. ಮತ್ತೊಮ್ಮೆ ಬರೆಯುತ್ತಾಳಂತೆ. ಕಲಬುರ್ಗಿಗೆ ಹೋಗುವುದಿಲ್ಲ, ಮನೆಯಲ್ಲೇ ಓದುತ್ತಾಳೆ. ವಾರಕ್ಕೊಮ್ಮೆ ಹುಮನಾಬಾದಿಗೆ ಹೋಗುತ್ತಾಳೆ, ಅದರಿಂದ ಅರ್ಜಿ ಗಟ್ಟಿಯಾಗುತ್ತದೆಂದಲ್ಲ, ಅಲ್ಲಿ ನಿಲ್ಲುವುದು ಅವಳಿಗೆ ಸೇರಿದೆ ಎಂದು. ಡಾಕ್ಟರ್ ಆಗುವುದು ಅವಳಿಗೆ ನಿಜವಾಗಿ ಬೇಕಂತೆ. ಇಷ್ಟು ವರ್ಷ ಅದು ತನ್ನ ಆಸೆಯೋ ನನ್ನದೋ ಗೊತ್ತಾಗುತ್ತಿರಲಿಲ್ಲ, ಮುಡಬಿಯ ಮುತ್ಯಾನ ಕಣ್ಣು ನೋಡಿದ ದಿನ ತಿಳಿಯಿತು ಎಂದಳು.

ನಾನು ಈಗ ಬಹಳ ಸುಧಾರಿಸಿದ್ದೇನೆ. ಅವಳು ಓದುವ ಕೋಣೆಯ ಹತ್ತಿರ ಸುಳಿಯುವುದಿಲ್ಲ. ನಿನ್ನೆ ಸಂಜೆ ಮಾತ್ರ ಚಹಾ ಕೊಡುವ ನೆಪದಲ್ಲಿ ಹೊಸ್ತಿಲಲ್ಲಿ ನಿಂತಿದ್ದೆ. ಕೆಮ್ಮಲಿಲ್ಲ, ತಟ್ಟಲಿಲ್ಲ, ಉಸಿರೂ ಬಿಡಲಿಲ್ಲ. ಅವಳು ಪುಸ್ತಕದಿಂದ ಕಣ್ಣೆತ್ತದೆ, "ಬೆಳಕು ಬಿಡ್ರಿ ಅಪ್ಪಾ" ಎಂದಳು. ತಕ್ಷಣ ಪಕ್ಕಕ್ಕೆ ಸರಿದೆ. ಪುಟದ ಮೇಲಿನ ನೆರಳು ಸರಿಯಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ಇತ್ತು, ಆಮೇಲೆ ಮನಸ್ಸಿಲ್ಲದ ಮನಸ್ಸಿನಿಂದ ನನ್ನ ಹಿಂದೆ ಬಂತು. ಕಣ್ಣಿನ ದೋಷವಿರಬೇಕು. ಊರಿನವರ ಕಣ್ಣನ್ನೆಲ್ಲ ನೋಡುವ ನಾನು ನನ್ನದನ್ನು ತೋರಿಸಿಕೊಂಡು ಯಾವ ಕಾಲವಾಯಿತೋ. ಒಬ್ಬ ಒಳ್ಳೆಯ ಡಾಕ್ಟರ್ ಸಿಗುವವರೆಗೆ ಕಾಯುತ್ತೇನೆ, ಅವಸರವೇನಿಲ್ಲ.